ರಜನಿ ಬರೆದ ಪರೀಕ್ಷೆಗಳು

ರಜನಿ ಹಿರೇಮಠ ಓದಿದ್ದು ಪಿಯುಸಿ ಮಾತ್ರ. ಆದರೆ ಬಿ.ಎ. ಪರೀಕ್ಷೆಗಳನ್ನು ಹನ್ನೊಂದು ಮಂದಿಯ ಪರವಾಗಿ ಬರೆದಿದ್ದಾಳೆ, ಬಿ.ಎಡ್. ನಾಲ್ಕು ಮಂದಿಗೆ. ಸರ್ಕಾರಿ ನೌಕರಿಯ ಪರೀಕ್ಷೆಗಳ ಲೆಕ್ಕ ಅವಳು ಇಟ್ಟಿಲ್ಲ. ಒಂದರಲ್ಲೂ ಅವಳ ಹೆಸರಿಲ್ಲ. ಕಣ್ಣು ಕಾಣದವರು ಬಾಯಿಂದ ಹೇಳಿದ್ದನ್ನು ಕಾಗದದ ಮೇಲೆ ಇಳಿಸುವುದು ಅವಳ ಕೆಲಸ. ಸ್ಕ್ರೈಬ್ ಅನ್ನುತ್ತಾರೆ. ಅವಳ ಗಂಡ ಗುರುಸಿದ್ದಯ್ಯ ಸಿಮೆಂಟ್ ಅಂಗಡಿಯ ಗುಮಾಸ್ತ. ನೆಂಟರಿಗೆ ಅವನು ಹೇಳುವ ಮಾತು ಬೇರೆ: "ನಮ್ಮಾಕಿ ಹನ್ನೊಂದು ಸಲ ಬಿ.ಎ. ಪಾಸ್ ಆಗ್ಯಾಳ್ರಿ, ಒಂದೂ ಸರ್ಟಿಫಿಕೇಟ್ ಮನಿಗೆ ತಂದಿಲ್ಲ."

ಇದು ಶುರುವಾದದ್ದು ಇಕ್ಬಾಲನ ಝೆರಾಕ್ಸ್ ಅಂಗಡಿಯಲ್ಲಿ. ಧಾರವಾಡದ ಸಪ್ತಾಪುರದಲ್ಲಿ ಕೋಚಿಂಗ್ ಕ್ಲಾಸುಗಳು ಒಂದರ ಮೇಲೊಂದು ಬೋರ್ಡು ಹಾಕಿಕೊಂಡು ನಿಂತಿರುವ ಕಡೆ ಅಂಗಡಿ. ರಜನಿ ಅಲ್ಲಿ ಕನ್ನಡ ಟೈಪಿಂಗ್‌ಗೆ ಸೇರಿ ಎರಡು ವರ್ಷವಾಗಿತ್ತು. ೨೦೦೯ರ ಏಪ್ರಿಲಿನಲ್ಲಿ ಕಣ್ಣು ಕಾಣದ ಹುಡುಗನೊಬ್ಬ ಹಾಲ್ ಟಿಕೆಟ್ಟಿನ ಪ್ರತಿ ತೆಗೆಸಲು ಬಂದವನು ಹಾಗೇ ಕಟ್ಟೆಯ ಮೇಲೆ ಕೂತುಬಿಟ್ಟ. ನಾಳೆ ಇತಿಹಾಸದ ಪರೀಕ್ಷೆ, ಬರೆಯಬೇಕಿದ್ದ ಗೆಳೆಯನಿಗೆ ಕಾಮಾಲೆ. ಬೇರೆಯವರನ್ನು ಹುಡುಕಿದರೆ ಸಿಕ್ಕವರೆಲ್ಲ ಡಿಗ್ರಿ ಆದವರು. ಅಭ್ಯರ್ಥಿ ತಾನೇ ಕರೆತರುವ ಬರಹಗಾರರ ಓದು ಅಭ್ಯರ್ಥಿಯ ಓದಿಗಿಂತ ಒಂದು ಮೆಟ್ಟಿಲಾದರೂ ಕೆಳಗಿರಬೇಕು.

"ರಜನಿ ಅಕ್ಕಾ, ನಿಮ್ಮದು ಪಿಯುಸಿ ಅಲ್ಲೇನ್ರಿ? ಹೋಗಿ ಬರ್ರಿ," ಎಂದ ಇಕ್ಬಾಲ. "ಅಕ್ಷರಾ ಬ್ಯಾರೆ ಮುತ್ತು ಪೋಣಿಸಿದಂಗ ಅದಾವ."

ಮುಂದೆ ಓದಲಾಗಲಿಲ್ಲ ಎಂಬುದು ರಜನಿಗೆ ಹದಿನೈದು ವರ್ಷದಿಂದ ಇದ್ದ ಕೊರಗು. ಅದೇ ಒಂದು ಅರ್ಹತೆಯಾಗುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಮೊದಲ ದಿನವೇ ಆ ಹುಡುಗ ಒಂದು ಇಸವಿಯನ್ನು ತಪ್ಪು ಹೇಳಿದ. ರಜನಿಗೆ ಸರಿಯಾದದ್ದು ಗೊತ್ತಿತ್ತು. ಬಾಯಿ ತೆರೆದಳು, ಮುಚ್ಚಿಕೊಂಡಳು, ತಪ್ಪನ್ನೇ ಬರೆದಳು. ಹೊರಗೆ ಬಂದ ಮೇಲೆ ಅವನಿಗೆ ಹೇಳಿದಾಗ ಅವನು ನಕ್ಕ. "ಛಲೋ ಮಾಡಿದ್ರಿ. ಇಲ್ಲಂದ್ರ ಅದು ನಿಮ್ಮ ಪರೀಕ್ಷಾ ಆಗತಿತ್ತು." ಆಮೇಲೆ ಅವನು ಎರಡನೇ ದರ್ಜೆಯಲ್ಲಿ ಪಾಸಾದ. ಅವನ ಬಾಯಿಂದ ಬಾಯಿಗೆ ರಜನಿಯ ಹೆಸರು ಹರಡಿತು.

ಆ ದಿನಗಳಲ್ಲೇ ಹಂಚಿನಾಳ ಮಾಸ್ತರರ ಪರಿಚಯವಾಯಿತು. ನಿವೃತ್ತಿಯಾದ ಮೇಲೆ ಮಾಸ್ತರು ತಮ್ಮ ಮನೆಯ ಪಡಸಾಲೆಯಲ್ಲಿ ಬರಹಗಾರರದೊಂದು ಗುಂಪು ಕಟ್ಟಿದ್ದರು. ಯಾರಿಗೆ ಪರೀಕ್ಷೆ ಇದೆ, ಯಾರು ಬರೆಯಲು ಹೋಗುತ್ತಾರೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುವುದು ಅವರ ಪದ್ಧತಿ. ಕೆಲಸಕ್ಕೆ ಸಂಬಳವಿಲ್ಲ, ಹೊಗಳಿಕೆ ಬೇಕಾದಷ್ಟು.

ರಜನಿ ಹೆಚ್ಚು ಸಲ ಬರೆದದ್ದು ಆರತಿಗೆ. ಹುಬ್ಬಳ್ಳಿಯ ಕಮರಿಪೇಟೆಯ ಹುಡುಗಿ, ಹುಟ್ಟಿದಾಗಿನಿಂದ ಕಣ್ಣಿಲ್ಲ, ಸಪ್ತಾಪುರದಲ್ಲಿ ರೂಮು ಹಿಡಿದು ನೌಕರಿಯ ಪರೀಕ್ಷೆಗೆ ಓದುತ್ತಿದ್ದಳು. ತಾನು ಓದಿದ್ದನ್ನೆಲ್ಲ ತನ್ನದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಂಡು ಒಂದು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದಳು. ಮೂರು ವರ್ಷದ ಕೆಲಸ. ಎಲ್ಲರಿಗೂ ಆರತಿ ಎಂದರೆ ಅಕ್ಕರೆ. ನಗುಮೊಗದವಳು, ಮಾತು ಮೆತ್ತಗೆ, ಪರೀಕ್ಷೆ ಮುಗಿದ ಸಂಜೆ ತಪ್ಪದೆ ಫೋನ್ ಮಾಡಿ, "ನಿಮ್ಮ ಕೈ ನೋಯಾಕತ್ತಿಲ್ಲಲ್ರಿ ಅಕ್ಕಾ?" ಎಂದು ಕೇಳುವವಳು.

ಅಂಥವಳಿಗಾಗಿ ರಜನಿ ಒಮ್ಮೆ ತಪ್ಪಿದ್ದಳು. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವರ್ತುಲಕ್ಕೆ ಮಸಿ ತುಂಬುವ ಪರೀಕ್ಷೆ ಅದು. ಮಲಪ್ರಭೆ ಹುಟ್ಟುವುದು ಎಲ್ಲಿ ಎಂಬ ಪ್ರಶ್ನೆಗೆ ಆರತಿ ಮಹಾಬಳೇಶ್ವರ ಎಂದಳು. ರಜನಿಯ ಪೆನ್ನು ಕಾಗದ ಮುಟ್ಟದೆ ನಿಂತಿತು. ಬಾಯಲ್ಲಿ ಏನೂ ಅನ್ನಲಿಲ್ಲ. ಆದರೆ ಮಸಿ ತುಂಬುವ ಗರಗರ ಸದ್ದು ಬರಲಿಲ್ಲವೆಂಬುದು ಆರತಿಯ ಕಿವಿಗೆ ಬಿತ್ತು. "ಅಲ್ಲ, ಕಣಕುಂಬಿ," ಎಂದು ತಿದ್ದಿಕೊಂಡಳು. ಹೊರಗೆ ಬಂದ ಮೇಲೆ ಮೆತ್ತಗಿನ ಆರತಿ ಗಡುಸಾಗಿ ಹೇಳಿದಳು: "ಇನ್ನೊಮ್ಮೆ ಹಂಗ ಪೆನ್ ನಿಲ್ಲಸಬ್ಯಾಡ್ರಿ. ನಾ ಬಾಯಿ ತಪ್ಪಿ ತಿದ್ದಿಕೊಂಡೆ. ಮನಸ್ಸಿಗೆ ಸರಿ ಅನಸವಲ್ದು." ಆ ಮಾತನ್ನು ರಜನಿ ಯಾರಿಗೂ ಹೇಳಲಿಲ್ಲ.

ಬಸವಕಿರಣ ಈ ಗುಂಪಿಗೆ ಬಂದದ್ದು ಜೊತೆಗೆ ಓದುತ್ತಿದ್ದ ಆರತಿಯ ಮೂಲಕವೇ. ಶಿರಗುಪ್ಪಿಯವನು. ಮನೆಯಲ್ಲಿ ಹೊಲ, ಟ್ರ್ಯಾಕ್ಟರ್, ಎಲ್ಲ ಇದ್ದ ಕುಳ. ಹದಿನೇಳನೆಯ ವಯಸ್ಸಿಗೆ ಕಾಯಿಲೆಯೊಂದರಲ್ಲಿ ಎರಡೂ ಕಣ್ಣು ಹೋದವು. ಬುದ್ಧಿ ಚುರುಕು, ನೆನಪಿನ ಶಕ್ತಿ ಕೇಳುವ ಹಾಗೇ ಇಲ್ಲ. ನಾಲಿಗೆ ಮಾತ್ರ ಕೆಟ್ಟದ್ದು. ಚಹಾದವನಿಗೆ "ಲೇ" ಎನ್ನುವನು. ಕೈ ಹಿಡಿದು ರಸ್ತೆ ದಾಟಿಸಿದವರಿಗೆ "ಮೊದಲ ನಡಿಯಾಕ ಕಲೀರಿ" ಎನ್ನುವನು. ಮಾಸ್ತರು ಮೊದಲ ವರ್ಷ ಅವನಿಗೆ ಪ್ರಸಾದನನ್ನು ಕಳಿಸಿದರು. ಪ್ರಸಾದ ಔಷಧ ಅಂಗಡಿಯಲ್ಲಿ ಕೆಲಸಕ್ಕಿದ್ದ ಸಾಧು ಸ್ವಭಾವದ ತರುಣ. ಫಲಿತಾಂಶ ಬಂದು ಬಸವಕಿರಣನಿಗೆ ಅಂಕ ಕಡಿಮೆ ಬಿದ್ದಾಗ ಅವನು, ಬರಹಗಾರ ಬೇಕೆಂದೇ ತಪ್ಪು ತುಂಬಿದ್ದಾನೆ ಎಂದು ದೂರು ಬರೆಸಿ ಕಳಿಸಿದ. ಪ್ರಸಾದ ರಜೆ ಹಾಕಿ ಮೂರು ಸಲ ವಿಚಾರಣೆಗೆ ಓಡಾಡಿದ. ಏನೂ ಸಾಬೀತಾಗಲಿಲ್ಲ. ಬಸವಕಿರಣ ಕ್ಷಮೆ ಕೇಳಲಿಲ್ಲ.

ಆಮೇಲೆ ಆರತಿಯ ಪೆನ್ ಡ್ರೈವಿನ ಪ್ರಕರಣವಾಯಿತು. ಪ್ರಥಮ ದರ್ಜೆ ಸಹಾಯಕರ ಹುದ್ದೆಗೆ ಅರ್ಜಿ ಕರೆದರು. ಜಿಲ್ಲೆಯ ಪಟ್ಟಿಯಲ್ಲಿ ಅಂಧರಿಗೆ ಮೀಸಲಾದದ್ದು ಒಂದೇ ಒಂದು. ಪ್ರತಿ ಮಾಡಿಕೊಂಡು ಕೊಡುತ್ತೇನೆಂದು ಪೆನ್ ಡ್ರೈವ್ ಒಯ್ದಿದ್ದ ಬಸವಕಿರಣ, ಅದು ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಕಳೆದುಹೋಯಿತು ಎಂದ. ಆರತಿಯ ಹತ್ತಿರ ಬೇರೆ ಪ್ರತಿ ಇರಲಿಲ್ಲ. ಒಂದು ತಿಂಗಳಾದ ಮೇಲೆ ಅವನ ರೂಮಿನ ಜೊತೆಗಾರ ನವಾಜ ಇಕ್ಬಾಲನ ಅಂಗಡಿಗೆ ಬಂದಾಗ ಮಾತಿಗೆ ಮಾತು ಬಂದು ಹೇಳಿದ: "ನಮ್ಮ ರೂಮಿನ್ಯಾಗ ದಿನಾ ಬೆಳಿಗ್ಗೆ ಒಬ್ಬ ಹುಡುಗಿ ಪಾಠಾ ಹೇಳತಾಳ್ರಿ ಕಾಕಾ, ಫೋನಿನ್ಯಾಗ. ಸಂವಿಧಾನದ ಕಲಮುಗಳನ್ನ ಹಾಡಿನಂಗ ಮಾಡಿ ಹೇಳತಾಳ."

ಕಲಮುಗಳನ್ನು ಹಾಡಿನ ಹಾಗೆ ಹೇಳಿಕೊಂಡು ನೆನಪಿಡುವವಳು ಸಪ್ತಾಪುರದಲ್ಲೆಲ್ಲ ಒಬ್ಬಳೇ. ಟೈಪ್ ಮಾಡುತ್ತಿದ್ದ ರಜನಿಯ ಕೈ ಕೀಲಿಗಳ ಮೇಲೆ ನಿಂತಿತು.

ಮಾಸ್ತರು ಕರೆಸಿ ಕೇಳಿದಾಗ ಬಸವಕಿರಣ ಅಳುಕಲಿಲ್ಲ. "ಒಂದ ಜಾಗಾ ಐತಿ. ಕುಸ್ತಿ ಕಣದಾಗ ಎದುರಾಳಿಗೆ ಎಣ್ಣಿ ಹಚ್ಚತಾರೇನ್ರಿ?" ಎಂದ. ಪೆನ್ ಡ್ರೈವ್ ವಾಪಸು ಬಂತು, ಪರೀಕ್ಷೆಗೆ ಐದು ವಾರ ಉಳಿದಾಗ.

ಮಾಸ್ತರ ಪಡಸಾಲೆಯಲ್ಲಿ ಸಭೆ ಸೇರಿತು. ಆರತಿ ಬಂದಿರಲಿಲ್ಲ. ಮಾಸ್ತರು ಸಿಟ್ಟಿನ ಮನುಷ್ಯರಲ್ಲ, ಅಂದೂ ಸಿಟ್ಟು ಮಾಡಲಿಲ್ಲ. ಕ್ಯಾಲೆಂಡರ್ ಇಳಿಸಿ ಮುಂದಿಟ್ಟುಕೊಂಡು ಹೇಳಿದರು: "ನಾವು ಏಳು ಮಂದಿ ಅದೇವಿ. ಈ ಪರೀಕ್ಷಾಕ ಹನ್ನೊಂದು ಮಂದಿ ಕೇಳ್ಯಾರ. ಕಾಲೇಜಿನ ಹುಡುಗೂರು ಮೂರು ಮಂದಿ ಸಿಗತಾರ. ಒಬ್ಬರಿಗೆ ಇಲ್ಲ ಅನ್ನೋದು ತಪ್ಪೂದಿಲ್ಲ. ಯಾರಿಗರೆ ಇಲ್ಲ ಅನಬೇಕಂದ್ರ, ಯಾರಿಗೆ ಅನ್ನೋಣು ನೀವ ಹೇಳ್ರಿ."

ಯಾರೂ ಹೆಸರು ಹೇಳಬೇಕಾಗಲಿಲ್ಲ. ಪ್ರಸಾದ ಮಾತ್ರ ನೆಲ ನೋಡುತ್ತ, "ನಾ ಅಂತೂ ಅವನ ಬಾಜೂಕ ಕೂಡೂದಿಲ್ರಿ ಸರ," ಎಂದ. ಕೈ ಎತ್ತಿರಿ ಎಂದಾಗ ಎಲ್ಲರೂ ಎತ್ತಿದರು. ರಜನಿಯೂ ಎತ್ತಿದಳು. ಮನೆಗೆ ಬರುವಾಗ ಅವಳಿಗೆ ಯಾವ ಅಳುಕೂ ಇರಲಿಲ್ಲ. ನ್ಯಾಯವಾಯಿತು ಅನ್ನಿಸಿತ್ತು.

ಪರೀಕ್ಷೆಗೆ ಹನ್ನೊಂದು ದಿನ ಇದ್ದಾಗ, ಒಂದು ಬುಧವಾರ ಮಧ್ಯಾಹ್ನ, ಇಳಕಲ್ ಸೀರೆಯ ವಯಸ್ಸಾದ ಹೆಂಗಸೊಬ್ಬಳು ಅಂಗಡಿಗೆ ಬಂದು ಒಂದು ಪ್ಲಾಸ್ಟಿಕ್ ಹಾಳೆಯನ್ನು ಮುಂದಿಟ್ಟಳು. "ಇದರದ ಎರಡು ಪ್ರತಿ ತಗದು ಕೊಡವಾ ತಂಗಿ."

ಅಂಗವಿಕಲರ ಪ್ರಮಾಣಪತ್ರ. ಬಸವಕಿರಣನ ಫೋಟೋ. ದೃಷ್ಟಿದೋಷ, ಶೇಕಡಾ ನೂರು. ರಜನಿ ಯಂತ್ರದ ಮುಚ್ಚಳ ತೆರೆದು ಹಾಳೆಯನ್ನು ಇಟ್ಟಳು. ಯಾವ ಕಣ್ಣು ಎಷ್ಟು ಹೋಗಿದೆ, ಯಾವಾಗ ಹೋಯಿತು, ಮರಳಿ ಬರುವ ಸಾಧ್ಯತೆ ಇದೆಯೋ ಇಲ್ಲವೋ, ಎಲ್ಲದಕ್ಕೂ ಅದರಲ್ಲಿ ಒಂದೊಂದು ಸಾಲಿತ್ತು.

"ನೀವು ಬಸವಕಿರಣನ ತಾಯಾರೇನ್ರಿ?"

"ಹೌದವಾ. ಶಿವಲಿಂಗವ್ವ ಅಂತ. ಬರಿಯಾವ್ರು ಯಾರೂ ಸಿಗವಲ್ರು. ಸರ್ಕಾರದವರ ಕಡಿಂದ ಬರಿಯಾವ್ರನ್ನ ಕೊಡಸ್ರಿ ಅಂತ ಕೇಳಿದ್ರ, ಅರ್ಜ್ಯಾಗ ಸ್ವಂತ ಬರಿಯಾವ್ರು ಅಂತ ಹಾಕೀರಿ, ದಿನಾ ಮುಗದೈತಿ ಅಂದ್ರು. ಧಾರವಾಡದಾಗ ಇಷ್ಟು ಸಾಲಿ ಕಾಲೇಜ ಅದಾವು, ಯಾರರೆ ಸಿಗತಾರಂತ ಬಂದೇನಿ."

ರಜನಿ ಸುಮ್ಮನೆ ಪ್ರತಿಗಳನ್ನು ಜೋಡಿಸಿದಳು. ಮುದುಕಿ ಅವಳ ಮುಖ ನೋಡಿ ಏನನ್ನೋ ತಿಳಿದುಕೊಂಡಳು.

"ನಿನಗ ಅವನ ಗೊತ್ತೈತಿ ಅಂತ ಕಾಣತೈತಿ. ಅಂವಾ ಛಲೋ ಹುಡುಗ ಅಂತ ನಾ ಹೇಳೂದಿಲ್ಲ ತಂಗಿ. ಕಣ್ಣು ಹೋದ ಮ್ಯಾಲೆ ಹಂಗ ಆದ ಅಂತ ಮಂದಿ ಅಂತಾರ. ಸುಳ್ಳದು. ಕಣ್ಣು ಇದ್ದಾಗೂ ಹಿಂಗ ಇದ್ದ. ತಂಗಿ ತಾಟಿನ್ಯಾಗಿಂದ ಕಸಗೊಂಡು ತಿಂತಿದ್ದ." ಪ್ರತಿಗಳನ್ನು ಮಡಚಿ ಚೀಲದಲ್ಲಿ ಇಟ್ಟುಕೊಂಡಳು. "ಆದ್ರ ಕಣ್ಣು ಹೋಗಿದ್ದು ಖರೇ ಅಲ್ಲೇನು."

ಅವಳು ಬೇಡಿಕೊಳ್ಳಲಿಲ್ಲ. ಕೊಡೆಯನ್ನು ಊರಿಕೊಂಡು ಬಿಸಿಲಿನಲ್ಲಿ ಎದುರಿನ ಕಾಲೇಜಿನ ಕಡೆ ನಡೆದುಹೋದಳು.

ಆ ವಾರ ರಜನಿಗೆ ಒಂದು ಕಿರಿಕಿರಿ ಹತ್ತಿಕೊಂಡಿತು. ಹದಿನಾಲ್ಕು ವರ್ಷದಿಂದ ಬರೆಯುತ್ತಿದ್ದಾಳೆ. ಈವರೆಗೆ ಬರೆದವರೆಲ್ಲ ಒಳ್ಳೆಯವರೆಂದು ಅವಳಿಗೆ ಯಾರು ಹೇಳಿದ್ದರು? ಅವಳು ಯಾರನ್ನೂ ಕೇಳಿರಲಿಲ್ಲ. ಬಿ.ಎಡ್. ಬರೆಸಿಕೊಂಡ ಒಬ್ಬನ ಮದುವೆಗೆ ಹೋಗಿ ಉಂಡು ಬಂದಿದ್ದಳು. ಎರಡು ವರ್ಷಕ್ಕೆ ಅವನು ಹೆಂಡತಿಯನ್ನು ಹೊಡೆದು ತವರಿಗೆ ಅಟ್ಟಿದ ಸುದ್ದಿ ಬಂತು. ಆಗ ಅವಳಿಗೆ ಬೇಸರವಾಗಿತ್ತು. ಬರೆದದ್ದು ತಪ್ಪಾಯಿತೆಂದು ಅನ್ನಿಸಿರಲಿಲ್ಲ.

ಊಟಕ್ಕೆ ಕೂತಾಗ ಗುರುಸಿದ್ದಯ್ಯನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತ, "ಕೈ ಎತ್ತಿ ಬಂದೀ ಅಲ್ಲ, ಮತ್ಯಾಕ ತಲಿ ಕೆಡಿಸ್ಕೊಳ್ತಿ? ಹಾವಿಗೆ ಹಾಲು ಎರೀಬೇಕಂತ ಏನೂ ಇಲ್ಲ," ಎಂದ. ಅದೂ ಸರಿಯಾಗಿಯೇ ಕೇಳಿಸಿತು.

ಮರುದಿನ ಆರತಿಯ ರೂಮಿಗೆ ಹೋದಳು. ಆರತಿ ಹಾಸಿಗೆಯ ಮೇಲೆ ಕೂತು ತನ್ನದೇ ದನಿಯನ್ನು ಕೇಳಿಸಿಕೊಳ್ಳುತ್ತಿದ್ದಳು. ಆ ಪರೀಕ್ಷೆಗೆ ಆರತಿಗೆ ಬರೆಯಬೇಕಾದವಳು ರಜನಿಯೇ. ಪ್ರಸಾದ ಬರೆಯಬೇಕಿದ್ದ ಅಭ್ಯರ್ಥಿ ಈ ಸಲ ಕೂಡುವುದಿಲ್ಲವೆಂದಿದ್ದರಿಂದ, ರಜನಿ ಹೋಗದಿದ್ದರೆ ಆರತಿಗೆ ಬರೆಯಲು ಅವನು ತಯಾರಿದ್ದ. ಬಸವಕಿರಣನಿಗೆ ಮಾತ್ರ ಯಾರೂ ಇರಲಿಲ್ಲ. ರಜನಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆರತಿ ರೆಕಾರ್ಡಿಂಗ್ ನಿಲ್ಲಿಸಿದಳು.

"ಅಂವಾ ಹಲ್ಕಾ ಅದಾನ್ರಿ," ಎಂದಳು. "ನೀವು ಅವನಿಗೆ ಬರದ್ರ ನನಗ ಭಾಳ ಸಿಟ್ಟು ಬರತೈತಿ. ಅದನ್ನ ಮೊದಲ ಹೇಳಿಬಿಡ್ತೇನಿ."

"ಹಂಗಾರ ಬ್ಯಾಡ ಬಿಡು."

"ಇರ್ರಿ, ನಾ ಇನ್ನೂ ಮುಗಿಸಿಲ್ಲ. ಎಲ್ಲಾರೂ ಆರತಿ ಛಲೋ ಹುಡುಗಿ ಅಂತಾರ. ಯಾಕ ಛಲೋ ಅದೇನಿ ಗೊತ್ತೇನ್ರಿ? ನಂಗ ಬ್ಯಾಸರಾದಾಗೂ ನಗತೇನಿ. ಯಾರರೆ ತಪ್ಪ ದಾರಿಗೆ ಕೈ ಹಿಡದು ಎಳಕೊಂಡು ಹೋದ್ರೂ ಥ್ಯಾಂಕ್ಸ್ ಅಂತೇನಿ. ನಿಮಗ ಫೋನ್ ಮಾಡಿ ಕೈ ನೋಯತೈತೇನು ಅಂತ ಕೇಳತೇನಿ ಅಲ್ಲ, ಅದು ಅರ್ಧಾ ಪ್ರೀತಿ, ಅರ್ಧಾ ಅಂಜಿಕಿ. ನೀವು ನಾಳೆ ಬರಲಿಲ್ಲಂದ್ರ? ಅಂವಗ ಹಂಗ ಇರಾಕ ಬರೂದಿಲ್ಲ. ನನಗ ಬರತೈತಿ. ಅಷ್ಟ." ಆರತಿ ತಲೆದಿಂಬನ್ನು ಸರಿಪಡಿಸಿದಳು. "ಈಗ ಅವನ ನಡತಿ ನೋಡಿ ಇಲ್ಲ ಅಂದ್ರಿ. ನಾಳೆ ನನ್ನ ನಡತಿ ನೋಡ್ತೀರಿ. ನಾ ದಿನಾ ಪಾಸಾಗಬೇಕಾಕ್ಕತಿ."

 ಪರೀಕ್ಷೆ ಮುಗಿದ ಸಂಜೆಗಳಲ್ಲಿ ಆರತಿಯಿಂದ ಬಂದ ಆ ಎಲ್ಲ ಫೋನುಗಳು ರಜನಿಗೆ ನೆನಪಾದವು.

"ಬರೀರಿ ಅಂತ ನಾ ಹೇಳಾಕತ್ತಿಲ್ಲ," ಎಂದಳು ಆರತಿ. "ನನ್ನ ಕೇಳಬ್ಯಾಡ್ರಿ ಅಂತ ಹೇಳಾಕತ್ತೇನಿ."

ರಜನಿ ತನ್ನ ಪಿಯುಸಿ ಅಂಕಪಟ್ಟಿಯ ಪ್ರತಿಯನ್ನೂ ಫೋಟೋವನ್ನೂ ಲಗತ್ತಿಸಿ ಬಸವಕಿರಣನ ಬರಹಗಾರ್ತಿಯೆಂದು ಅರ್ಜಿ ತುಂಬಿದಳು. ಮಾಸ್ತರಿಗೆ ತಾನೇ ಹೋಗಿ ತಿಳಿಸಿದಳು. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಕೈ ಎತ್ತಿದ್ರಿ ಅಲ್ರಿ ನೀವೂ?"

"ಎತ್ತಿದ್ದೆ ಸರ."

"ಹೋಗ್ರಿ. ನಾ ಬ್ಯಾಡ ಅನ್ನೂದಿಲ್ಲ. ಆದ್ರ ಗುಂಪಿನ ಹೆಸರಲೆ ಹೋಗಬ್ಯಾಡ್ರಿ."

ಬಸವಕಿರಣನಿಗೆ ಫೋನ್ ಮಾಡಿದಾಗ ಅವನು ಕೇಳಿದ ಮೊದಲ ಮಾತು: "ನಿಮ್ಮ ಇಂಗ್ಲಿಷ್ ಉಚ್ಚಾರ ಹೆಂಗೈತ್ರಿ ಮೇಡಂ?"

ಪರೀಕ್ಷೆ ಭಾನುವಾರ, ಹುಬ್ಬಳ್ಳಿ ವಿದ್ಯಾನಗರದ ಒಂದು ಕಾಲೇಜಿನಲ್ಲಿ. ಜುಬಿಲಿ ಸರ್ಕಲ್ಲಿನಿಂದ ಚಿಗರಿ ಹತ್ತಿದಾಗಿನಿಂದ ಅವನ ದೂರುಗಳು ಶುರುವಾದವು. ಎಸಿ ಹೆಚ್ಚಾಯಿತು, ಸೀಟು ಸರಿಯಿಲ್ಲ, ಅವ್ವ ಕಟ್ಟಿದ ಬುತ್ತಿಯ ವಾಸನೆ. ಶಿವಲಿಂಗವ್ವ ಹಿಂದಿನ ಸೀಟಿನಲ್ಲಿ ಕಿಟಕಿಯ ಆಚೆ ನೋಡುತ್ತ ಕೂತಿದ್ದಳು. ನವಲೂರು ದಾಟುವ ಹೊತ್ತಿಗೆ ರಜನಿಗೆ ಆ ದಿನ ಯಾವಾಗ ಮುಗಿದೀತು ಎಂದಾಗಿತ್ತು.

ಪರೀಕ್ಷೆಗೆ ಅವರಿಗೆ ಪ್ರತ್ಯೇಕ ಕೋಣೆ. ನೂರು ಪ್ರಶ್ನೆ, ಹೆಚ್ಚಿನ ಸಮಯ ಸೇರಿ ಎರಡು ತಾಸು. ರಜನಿ ಪ್ರಶ್ನೆ ಓದುವಳು, ನಾಲ್ಕು ಉತ್ತರಗಳನ್ನೂ ಒಂದೇ ದನಿಯಲ್ಲಿ ಓದುವಳು. ಅವನು "ಎರಡು" ಅಥವಾ "ನಾಲ್ಕು" ಎನ್ನುವನು. ಅವಳು ವರ್ತುಲ ತುಂಬಿ "ಎರಡು ಹಾಕೇನಿ" ಎನ್ನುವಳು. ಇಪ್ಪತ್ತು ಪ್ರಶ್ನೆಯಾದ ಮೇಲೆ ಅವನು ಕೈ ಎತ್ತಿ ಮೇಲ್ವಿಚಾರಕರನ್ನು ಕರೆದ.

"ಸರ, ಇವರು ನಾ ಹೇಳಿದ್ದ ಹಾಕ್ಯಾರೋ ಇಲ್ಲೋ ನೋಡ್ರಿ. ನಾ ಒಂದರಿಂದ ಹೇಳತೇನಿ."

ಇಪ್ಪತ್ತೂ ಉತ್ತರಗಳನ್ನು ಅವನು ಬಾಯಿಪಾಠದಂತೆ ಒಪ್ಪಿಸಿದ. ಮೇಲ್ವಿಚಾರಕರು ಹಾಳೆಯ ಮೇಲೆ ಬೆರಳಿಟ್ಟು ನೋಡಿದರು. ಎಲ್ಲ ಸರಿಯಿತ್ತು. ಅವರು ರಜನಿಯ ಕಡೆ ಅಯ್ಯೋ ಎಂಬಂತೆ ನೋಡಿ ಹೋದರು.  ಅಂಥ ಪರೀಕ್ಷೆಗೆ ಅವಳನ್ನು ಈವರೆಗೆ ಯಾರೂ ಒಡ್ಡಿರಲಿಲ್ಲ.

ನಲವತ್ತರ ಆಸುಪಾಸಿನಲ್ಲಿ ಗೋಲ ಗುಮ್ಮಟ ಯಾರ ಸಮಾಧಿ ಎಂಬ ಪ್ರಶ್ನೆ ಬಂತು. ಅವನು ತಡೆದ. ಇಬ್ರಾಹಿಂ ಆದಿಲ್ ಶಾಹನ ಹೆಸರಿದ್ದ ಸಂಖ್ಯೆ ಹೇಳಿದ. ರಜನಿ ಶಾಲೆಯ ಪ್ರವಾಸದಲ್ಲಿ ಆ ಗುಮ್ಮಟದೊಳಗೆ ಕೂಗಿ ಬಂದವಳು. ಇಬ್ರಾಹಿಂ ಅಲ್ಲ, ಮಹಮ್ಮದ್. ಅವನು ಹೇಳಿದ್ದನ್ನೇ ತುಂಬಿದಳು.

ಬಸವಕಿರಣ ತಲೆ ವಾಲಿಸಿ ಪೆನ್ನಿನ ಸದ್ದನ್ನು ಕೇಳಿಸಿಕೊಂಡ.

"ಮೇಡಂ, ಅದು ತಪ್ಪೇನ್ರಿ?"

"ನಾ ಹೇಳಾಕ ಬರೂದಿಲ್ಲ."

"ಆರತಿಗೆ ಪೆನ್ನು ನಿಂತಿತ್ತಂತಲ್ಲ. ನನಗ ಯಾಕ ನಿಲ್ಲೂದಿಲ್ಲ?"

 ಇಬ್ಬರೂ ಕೂಡಿ ಓದುತ್ತಿದ್ದ ದಿನಗಳಲ್ಲಿ ಆರತಿ ಅವನಿಗೆ ಹೇಳಿರಬೇಕು.

"ಅವತ್ತು ನಂದು ತಪ್ಪಾಗಿತ್ತು," ಎಂದಳು. "ಮತ್ತ ಮಾಡಿಲ್ಲ."

ಅವನು ಸಣ್ಣಗೆ ನಕ್ಕ. "ತಪ್ಪು ಮಾಡೋದಾದ್ರ ಎಲ್ಲಾರಿಗೂ ಮಾಡಬೇಕ್ರಿ ಮೇಡಂ. ಛಲೋದವರಿಗಷ್ಟ ಅಲ್ಲ."

ಅವನ ಮುಖಕ್ಕೆ ಒಂದು ಬಾರಿಸಬೇಕು ಅನ್ನಿಸಿತು ಅವಳಿಗೆ. ಮಾತು ನಿಜವಾಗಿತ್ತೆಂಬ ಕಾರಣಕ್ಕೆ ಇನ್ನೂ ಹೆಚ್ಚು. ಮುಂದಿನ ಪ್ರಶ್ನೆ ಓದಿದಳು. ಪಂಚಾಯತ್ ರಾಜ್ ವ್ಯವಸ್ಥೆಯನ್ನು ತಂದ ತಿದ್ದುಪಡಿ. "ಎರಡು," ಎಂದ ಅವನು, ತಡವಿಲ್ಲದೆ. ಸರಿಯಾದ ಉತ್ತರ. ಎರಡರ ವರ್ತುಲದ ಪಕ್ಕದಲ್ಲೇ ಮೂರರದು, ಒಂದು ಅಕ್ಕಿಕಾಳಿನಷ್ಟು ದೂರ. ಮೇಲ್ವಿಚಾರಕರು ಕಾರಿಡಾರಿನಲ್ಲಿ ಯಾರೊಂದಿಗೋ ಮಾತಾಡುತ್ತಿದ್ದರು. ಸದ್ದು ಎರಡಕ್ಕೂ ಒಂದೇ. ಇಂಥವು ಐದು ಮಾಡಿದರೆ ಸಾಕು, ಒಂದೇ ಒಂದು ಜಾಗ ಆರತಿಯದಾದೀತು. ಇದನ್ನೆಲ್ಲ ರಜನಿ ಲೆಕ್ಕ ಹಾಕಿ ಯೋಚಿಸಲಿಲ್ಲ. ಒಂದು ಉಸಿರಿನಲ್ಲಿ ಎಲ್ಲವೂ ಕಣ್ಣ ಮುಂದೆ ಬಂದು ನಿಂತಿತು. ಅದು ಎಷ್ಟು ಸುಲಭ ಎಂಬುದೇ ಅವಳನ್ನು ಹೆದರಿಸಿತು. ಎರಡಕ್ಕೆ ಮಸಿ ತುಂಬಿದಳು, ಅಂಚಿನಿಂದ ಅಂಚಿಗೆ.

"ಎರಡು ಹಾಕೇನಿ," ಎಂದಳು. ದನಿ ಸ್ವಲ್ಪ ನಡುಗಿತು. ಅವನಿಗೆ ಅದು ಕೇಳಿಸಿರಬೇಕು. ಆದರೆ ಆಮೇಲೆ ಅವನು ಮೇಲ್ವಿಚಾರಕರನ್ನು ಕರೆಯಲಿಲ್ಲ.

ಹೊರಗೆ ಬಂದಾಗ ಶಿವಲಿಂಗವ್ವ ನೀರಿನ ಬಾಟಲಿ ಹಿಡಿದು ಗಿಡದ ನೆರಳಲ್ಲಿ ನಿಂತಿದ್ದಳು. ಬಸವಕಿರಣ ನೀರು ಕುಡಿದು ಬಾಯಿ ಒರೆಸಿಕೊಂಡು ಹೇಳಿದ: "ಎಂಬತ್ತರ ಮ್ಯಾಲೆ ಬರತಾವು. ಬರಲಿಲ್ಲಂದ್ರ ಯಾರು ಕಾರಣ ಅಂತ ನನಗ ಗೊತ್ತೈತಿ." ಆರತಿ ಅದೇ ಕಟ್ಟಡದ ಇನ್ನೊಂದು ಬಾಗಿಲಿನಿಂದ ಪ್ರಸಾದನ ತೋಳು ಹಿಡಿದು ಇಳಿಯುತ್ತಿದ್ದಳು. ಪ್ರಸಾದ ರಜನಿಯನ್ನು ನೋಡಿದ. ಆರತಿಗೆ ಹೇಳಲಿಲ್ಲ.

ಏಳು ತಿಂಗಳಿಗೆ ಪಟ್ಟಿ ಬಂತು. ಬಸವಕಿರಣನ ಹೆಸರಿತ್ತು. ಆರತಿಯದು ಇರಲಿಲ್ಲ. ಇಬ್ಬರ ನಡುವೆ ಮೂರು ಅಂಕ.

ಆರತಿ ಅಂಗಡಿಗೆ ಬರುವುದನ್ನು ನಿಲ್ಲಿಸಿದಳು. ಫೋನ್ ಎತ್ತಲಿಲ್ಲ. ಮಾಸ್ತರು ಎರಡು ಪರೀಕ್ಷೆಗಳಿಗೆ ರಜನಿಯನ್ನು ಕರೆಯಲಿಲ್ಲ. ಗುಂಪಿನ ಒಬ್ಬ ಹೆಂಗಸು ಮಾರ್ಕೆಟ್ಟಿನಲ್ಲಿ ಸಿಕ್ಕಾಗ ಸೊಪ್ಪಿನ ದರ ಕೇಳುವ ನೆಪದಲ್ಲಿ ಆ ಕಡೆ ತಿರುಗಿದಳು. ಆ ಒಂದು ತಿಂಗಳೂ ಪೆನ್ ಡ್ರೈವ್ ಕೈಯಲ್ಲಿದ್ದಿದ್ದರೆ ಮೂರು ಅಂಕ ಏನು ದೊಡ್ಡದು ಎಂದು ಎಲ್ಲರೂ ಆಡಿಕೊಂಡರು. ಅದರಲ್ಲಿ ಸುಳ್ಳಿರಲಿಲ್ಲ. ರಜನಿ ವಾದಿಸಲೂ ಇಲ್ಲ, ತಾನು ಮಾಡಿದ್ದು ಸರಿ ಎಂದು ಹೇಳಿಕೊಳ್ಳಲೂ ಇಲ್ಲ. ಯಾವುದೋ ಮದುವೆ ಕಾರ್ಡನ್ನು ಟೈಪ್ ಮಾಡುವಾಗ ಒಮ್ಮೊಮ್ಮೆ ಆ ಅಕ್ಕಿಕಾಳಿನಷ್ಟು ಜಾಗ ಕಣ್ಣ ಮುಂದೆ ಬರುತ್ತಿತ್ತು. ಅಂಥ ಗಳಿಗೆ ಮತ್ತೊಮ್ಮೆ ಬಂದಿದ್ದರೂ ಎರಡನ್ನೇ ತುಂಬುತ್ತಿದ್ದಳು. ಹಾಗೆಂದು ಮನಸ್ಸಿಗೆ ನೆಮ್ಮದಿಯೂ ಇರಲಿಲ್ಲ.

ಶಿವಲಿಂಗವ್ವ ಒಂದು ದಿನ ಹಸಿ ಕಡಲೆಯ ಕಂತೆ ಹೊತ್ತು ಬಂದಳು. ಮಗ ಕೆಲಸಕ್ಕೆ ಹೋಗುತ್ತಿದ್ದಾನಂತೆ. "ಅಲ್ಲೂ ಎಲ್ಲಾರ ಕೂಡ ಜಗಳಾಡ್ತಾನಂತ ತಂಗಿ," ಎಂದು ಇಕ್ಬಾಲ ತರಿಸಿದ ಚಹಾ ಕುಡಿದು ಹೋದಳು.

ಮಳೆಗಾಲ ಮುಗಿಯುವಾಗ ಆರತಿ ಬಂದಳು. ಬಿಳಿ ಕೋಲನ್ನು ಬಾಗಿಲಿಗೆ ಒರಗಿಸಿ, ಕೌಂಟರಿಗೆ ಕೈ ಊರಿ ನಿಂತಳು.

"ಅಕ್ಕಾ, ಶಿಕ್ಷಕರ ಪರೀಕ್ಷಾ ಐತಿ, ಬರೋ ತಿಂಗಳ ಹನ್ನೆರಡಕ್ಕ. ಬರಿಯಾಕ ಬರ್ತೀರೇನ್ರಿ?"

"ಪ್ರಸಾದ ಬರೂದಿಲ್ಲೇನು?"

"ಬರತಾನ. ಆದ್ರ ಭಾಳ ಲಗೂ ಲಗೂ ಓದತಾನ. ನಾಲ್ಕನೇದ್ದು ಕೇಳೂದ್ರಾಗ ಒಂದನೇದ್ದು ಮರತ ಹೋಗತೈತಿ."

ರಜನಿ ಏನೋ ಹೇಳಹೋದಳು. ಆರತಿ ಕೈ ಅಡ್ಡ ಹಿಡಿದಳು. "ಆ ಮಾತು ತಗೀಬ್ಯಾಡ್ರಿ. ಬರತೀರೋ ಇಲ್ಲೋ ಅಷ್ಟ ಹೇಳ್ರಿ." ಮುಖದಲ್ಲಿ ನಗುವಿರಲಿಲ್ಲ. ರಜನಿ ಬರುತ್ತೇನೆಂದಳು. ಆ ಪರೀಕ್ಷೆಯಲ್ಲಿ ಆರತಿ ಪಾಸಾಗಲಿಲ್ಲ. ಅದರ ಮುಂದಿನ ವರ್ಷ ಪಾಸಾಗಿ, ಈಗ ಕಲಘಟಗಿ ಕಡೆಯ ಒಂದು ಶಾಲೆಯಲ್ಲಿ ಕನ್ನಡ ಕಲಿಸುತ್ತಾಳೆ. ಪರೀಕ್ಷೆಯ ಸಂಜೆ ಫೋನ್ ಮಾಡುವುದನ್ನು ಅವಳು ಬಿಟ್ಟಿದ್ದಾಳೆ. ಬೇಕೆನಿಸಿದಾಗ ಮಾಡುತ್ತಾಳೆ, ಮಾಡಿದರೆ ಅರ್ಧ ತಾಸು ಮುಖ್ಯೋಪಾಧ್ಯಾಯರನ್ನು ಬೈಯುತ್ತಾಳೆ.

ಈ ವರ್ಷದ ಯುಗಾದಿಯ ನಂತರ ಬಸವಕಿರಣನ ಫೋನ್ ಬಂತು. ಸರ್ಕಾರಿ ನೌಕರರು ಕೆಲಸಕ್ಕೆ ಸೇರಿದ ಮೇಲೂ ಕೆಲವು ಪರೀಕ್ಷೆ ಪಾಸಾಗಬೇಕು.

"ಮೇಡಂ, ಇಲಾಖಾ ಪರೀಕ್ಷಾ ಐತಿ. ಎರಡು ಪೇಪರು. ಹದಿನೆಂಟಕ್ಕ ಒಂದು, ಹತ್ತೊಂಬತ್ತಕ್ಕ ಒಂದು. ಒಂಬತ್ತಕ್ಕ ಬರ್ರಿ."

ಮಾಸ್ತರ ಪಡಸಾಲೆಯಲ್ಲಿದ್ದ ರಜನಿ ಗೋಡೆಯ ಕ್ಯಾಲೆಂಡರ್ ನೋಡಿದಳು. ಆ ಎರಡೂ ದಿನ ಮಾಸ್ತರು ಅವಳ ಹೆಸರನ್ನು ಬೇರೊಬ್ಬರ ಮುಂದೆ ಬರೆದಿದ್ದರು. "ಆ ದಿನ ಬ್ಯಾರೆಯವರಿಗೆ ಒಪ್ಪೇನಿ. ಪ್ರಸಾದನ ನಂಬರ ಕೊಡಲೇನು?"

ಆ ಕಡೆ ಆಫೀಸಿನ ಫ್ಯಾನಿನ ಸದ್ದು ಕೇಳಿಸುತ್ತಿತ್ತು.

"ಅಂವಾ ಬರತಾನೇನ್ರಿ?"

"ನನಗ ಗೊತ್ತಿಲ್ಲ. ನೀವ ಕೇಳ್ರಿ."

ಅವನು ಕೇಳಿದ. ಹೇಗೆ ಕೇಳಿದನೋ, ಏನಂದನೋ, ಪ್ರಸಾದ ಹೇಳಲಿಲ್ಲ. ಮೊದಲನೆಯ ಪತ್ರಿಕೆಗೆ ಪ್ರಸಾದ ಹೋದ. ಒಂದು ದಿನ ಸಾಕು ಎಂದು ಎರಡನೆಯದಕ್ಕೆ ಹೋಗಲಿಲ್ಲ. ಅದನ್ನು ಯಾರೋ ಕಾಲೇಜಿನ ಹುಡುಗಿ ಬರೆದಳಂತೆ.